ಥರ್ಮಲ್ ಪ್ಲಾಂಟ್ ಹತ್ರ ಮನೆ ಇರೋರಿಗೆ: ಯಾವ ಧೂಳು ಎಲ್ಲಿಂದ ಬರತ್ತೆ, ಏನು ಮಾಡ್ಬೇಕು

ರಾಯಚೂರಿನ ಶಕ್ತಿನಗರ, ಯರಮರಸ್, ಬಳ್ಳಾರಿ ಕಡೆ ಕುಡಿತಿನಿ, ವಿಜಯಪುರದ ಕೂಡಗಿ, ಉಡುಪಿಯ ಎಲ್ಲೂರು-ನಂದಿಕೂರು, ಈ ಊರುಗಳ ಆಸುಪಾಸಲ್ಲಿ ಇರೋರಿಗೆ ಧೂಳು ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಒಣಗಿದ ಬಟ್ಟೆ ಜಾಡಿಸದೆ ಒಳಗೆ ತರೋ ಹಾಗಿಲ್ಲ, ಬೆಳಿಗ್ಗೆ ಒರೆಸಿದ ಬೈಕ್ ಸೀಟು ಮಧ್ಯಾಹ್ನಕ್ಕೆ ಮತ್ತೆ ಬೂದು. ಕೇಳಿದ್ರೆ "ನಮ್ಗ ರೂಢಿ ಆಗ್ಯದ ಬಿಡ್ರಿ" ಅಂತಾರೆ. ರೂಢಿ ಆಗಿರೋದು ಕಣ್ಣಿಗೆ ಮಾತ್ರ, ಶ್ವಾಸಕೋಶಕ್ಕೆ ಅಂಥ ರೂಢಿ ಗೀಢಿ ಏನೂ ಇರಲ್ಲ.

ದೂರು ಕೊಡೋಕೆ ಹೋದೋರು ಎಲ್ರೂ ಹೇಳೋದು ಒಂದೇ ಮಾತು, "ಸಾರ್ ಪ್ಲಾಂಟಿಂದ ಧೂಳು ಬರ್ತಿದೆ". ಆ ಕಡೆಯಿಂದ "ನೋಡ್ತೀವಿ ಬಿಡಿ", ಅಲ್ಲಿಗೆ ಕತೆ ಮುಗೀತು. ಯಾಕಂದ್ರೆ ಪ್ಲಾಂಟಿಂದ ಬರೋದು ಒಂದೇ ಧೂಳಲ್ಲ. ಕಲ್ಲಿದ್ದಲು ಯಾರ್ಡಿಂದ ಬರೋದು ಬೇರೆ, ಚಿಮಣಿಯಿಂದ ಬರೋದು ಬೇರೆ, ಬೂದಿ ಹೊಂಡದಿಂದ ಏಳೋದು ಬೇರೆ, ಬೂದಿ ಲಾರಿಗಳು ರೋಡಲ್ಲಿ ಚೆಲ್ಲಿಕೊಂಡು ಹೋಗೋದು ಇನ್ನೊಂದು. ನಿಮ್ಮ ಮನೆಗೆ ಬರ್ತಿರೋದು ಇದರಲ್ಲಿ ಯಾವುದು ಅಂತ ಗೊತ್ತಿಲ್ಲದೆ ಮಾಸ್ಕ್ ಹಾಕಿದ್ರೂ ಅರ್ಧ ಪ್ರಯೋಜನ, ಅರ್ಜಿ ಕೊಟ್ರೂ ಅರ್ಧ ಪ್ರಯೋಜನ. ಅದಕ್ಕೇ ಈ ಗೈಡ್ ಶುರು ಆಗೋದೇ ಧೂಳು ಗುರುತು ಹಿಡಿಯೋದ್ರಿಂದ.

ಮೊದಲು ಸ್ವಲ್ಪ ಲೆಕ್ಕ

ಶಕ್ತಿನಗರದ ಆರ್‌ಟಿಪಿಎಸ್, ಅಂದ್ರೆ ರಾಯಚೂರು ಥರ್ಮಲ್ ಪ್ಲಾಂಟ್ ತಗೊಳ್ಳಿ. ಕರೆಂಟ್ ತಯಾರಿಸೋ 210 ಮೆಗಾವ್ಯಾಟ್‌ನ ಏಳು ಯೂನಿಟ್, 250ರದ್ದು ಒಂದು, ಒಟ್ಟು 1,720 ಮೆಗಾವ್ಯಾಟ್. ನಮ್ಮ ದೇಶದ ಕಲ್ಲಿದ್ದಲಲ್ಲಿ ಒಂದು ಯೂನಿಟ್ ಕರೆಂಟಿಗೆ ಅಂದಾಜು ಮುಕ್ಕಾಲು ಕೆಜಿ ತನಕ ಬೇಕು, ಅಂದ್ರೆ ಒಂದು 210ರ ಯೂನಿಟ್ ಫುಲ್ ಲೋಡಲ್ಲಿ ಓಡಿದ್ರೆ ದಿನಕ್ಕೆ ಮೂರು ಸಾವಿರ ಟನ್‌ಗಿಂತ ಜಾಸ್ತಿ ಉರಿಯತ್ತೆ. ಒಂದು ಗೂಡ್ಸ್ ರೇಕ್‌ನಲ್ಲಿ ಬರೋದು ಹೆಚ್ಚುಕಮ್ಮಿ 3,500ರಿಂದ 4,000 ಟನ್, ಸೋ ಒಂದು ಯೂನಿಟ್‌ಗೆ ದಿನಕ್ಕೊಂದು ರೇಕ್ ಅಂತ ಇಟ್ಕೊಳ್ಳಿ. ನಮ್ಮ ಕಲ್ಲಿದ್ದಲಲ್ಲಿ ಬೂದಿ ಅಂಶ ಶೇ 30ರಿಂದ 45, ಹಾಗಾಗಿ ಆ ಒಂದೇ ಯೂನಿಟ್ಟಿಂದ ದಿನಕ್ಕೆ ಸಾವಿರ ಟನ್ ಬೂದಿ. ಅದರಲ್ಲಿ ಶೇ 20ರಷ್ಟು ಬಾಯ್ಲರ್ ತಳಕ್ಕೆ ಬೀಳತ್ತೆ, ಉಳಿದ ಶೇ 80 ಹಾರುಬೂದಿಯಾಗಿ ಹೊಗೆ ಜೊತೆ ಮೇಲೆ ಹೋಗತ್ತೆ.

ಆ ಹಾರುಬೂದಿನ ಹಿಡಿಯೋಕೆ ಇಎಸ್‌ಪಿ ಅಂತ ಒಂದು ಯಂತ್ರ ಇರತ್ತೆ, ಹೈ ವೋಲ್ಟೇಜ್ ಕೊಟ್ಟು ಕಣಗಳನ್ನ ತಗಡಿಗೆ ಅಂಟಿಸ್ಕೊಳ್ಳತ್ತೆ, ಚೆನ್ನಾಗಿ ಕೆಲಸ ಮಾಡಿದ್ರೆ ಶೇ 99ಕ್ಕಿಂತ ಜಾಸ್ತಿ ಹಿಡಿಯತ್ತೆ. ಓ ಹಾಗಾದ್ರೆ ಸರಿ ಅಂತ ಅಂದ್ಕೋಬೇಡಿ, ಎಂಟುನೂರು ಟನ್‌ನಲ್ಲಿ ಶೇ 1 ತಪ್ಪಿಸ್ಕೊಂಡ್ರೂ ಎಂಟು ಟನ್, ಅದೂ ಒಂದು ಯೂನಿಟ್ಟಿಂದ ಒಂದು ದಿನಕ್ಕೆ. ಮತ್ತೆ ತಪ್ಪಿಸ್ಕೊಳ್ಳೋದು ಹೆಚ್ಚಾಗಿ ತೀರಾ ಸಣ್ಣ ಕಣಗಳೇ, ಶ್ವಾಸಕೋಶದ ಆಳಕ್ಕೆ ಇಳಿಯೋದೂ ಅವೇ.

ಇನ್ನೊಂದು ವಿಷ್ಯ. ಗಣಿಯಿಂದ 500 ಕಿಮೀಗಿಂತ ದೂರ ಇರೋ ಪ್ಲಾಂಟ್‌ಗಳು ಶೇ 34ಕ್ಕಿಂತ ಕಮ್ಮಿ ಬೂದಿ ಇರೋ ಕಲ್ಲಿದ್ದಲೇ ಬಳಸ್ಬೇಕು ಅಂತ 2014ರಲ್ಲಿ ನಿಯಮ ಬಂದಿತ್ತು, 2020ರ ಮೇ ತಿಂಗಳಲ್ಲಿ ಕೇಂದ್ರದವರು ಅದನ್ನ ತೆಗೆದುಹಾಕಿದ್ರು. ಎಲ್ರೂ ಲಾಕ್‌ಡೌನ್ ಗಲಾಟೆಲಿ ಇದ್ದಾಗ ಆಗಿದ್ದು, ಹೆಚ್ಚು ಜನ ಗಮನಿಸ್ಲೂ ಇಲ್ಲ.

ಹೆಜ್ಜೆ 1: ಬಿಳಿ ತಟ್ಟೆ ಇಟ್ಟು ನೋಡಿ

ಖರ್ಚಿಲ್ಲದ ಕೆಲಸ. ಬಿಳಿ ಪಿಂಗಾಣಿ ತಟ್ಟೆ ಅಥವಾ ಮನೇಲಿ ಉಳಿದಿರೋ ಬಿಳಿ ಟೈಲ್ಸ್ ತುಂಡು ಸಾಕು. ಮಾಳಿಗೆ ಮೇಲೆ ನಾಲ್ಕು ಮೂಲೆಗೆ ಒಂದೊಂದು ಇಡಿ, ರೋಡ್ ಕಡೆ ಗೇಟ್ ಹತ್ರ ಒಂದು ಇಡಿ. ಸಂಜೆ ಇಟ್ಟು ಬೆಳಿಗ್ಗೆ ನೋಡಿ, ಬೆಳಿಗ್ಗೆ ಒರೆಸಿ ಇಟ್ಟು ಸಂಜೆ ನೋಡಿ. ಒಂದು ವಾರ ಮಾಡಿದ್ರೆ ಒಂದು ಪ್ಯಾಟರ್ನ್ ಕಾಣಿಸೋಕೆ ಶುರುವಾಗತ್ತೆ.

ಈಗ ಆ ಪುಡಿನ ಬೆರಳಲ್ಲಿ ತಿಕ್ಕಿ ನೋಡಿ. ಕಪ್ಪಗೆ, ಕಾಡಿಗೆ ತರ ಬೆರಳಿಗೆ ಹತ್ತಿಕೊಂಡು ತೊಳೆದ್ರೂ ಗೆರೆಗಳಲ್ಲಿ ಉಳಿದ್ರೆ ಅದು ಕಲ್ಲಿದ್ದಲ ಪುಡಿ, ಯಾರ್ಡು, ವ್ಯಾಗನ್ ಟಿಪ್ಲರ್ (ವ್ಯಾಗನ್ ಮಗುಚಿ ಕಲ್ಲಿದ್ದಲು ಸುರಿಯೋ ಯಂತ್ರ), ಕನ್ವೇಯರ್ ಬೆಲ್ಟು, ಕ್ರಷರ್ ಈ ಕಡೆಯಿಂದ ಬರೋದು. ತಿಳಿ ಬೂದು ಬಣ್ಣ, ಟಾಲ್ಕಂ ಪೌಡರ್‌ಗಿಂತ ನುಣುಪು, ಬೆರಳ ಮಧ್ಯೆ ಜಾರಿ ಹೋಗತ್ತೆ ಅಂದ್ರೆ ಹಾರುಬೂದಿ. ಆ ನುಣುಪಿಗೆ ಕಾರಣ, ಹಾರುಬೂದಿ ಕಣಗಳು ಬಾಯ್ಲರ್ ಬಿಸಿಗೆ ಕರಗಿ ದುಂಡಗೆ ಗಾಜಿನ ಗುಂಡು ತರ ಆಗಿರ್ತವೆ. ಕೆಲವು ಒಳಗೆ ಟೊಳ್ಳು ಕೂಡ, ಒಂದು ಲೋಟ ನೀರಿಗೆ ಪುಡಿ ಹಾಕಿ ಬಿಟ್ರೆ ಸ್ವಲ್ಪ ಭಾಗ ಮೇಲೇ ತೇಲ್ತಾ ಇರತ್ತೆ. ಕಂದು ಬಣ್ಣ, ಒರಟು, ಹಲ್ಲಿಗೆ ಕರಕರ ಅಂದ್ರೆ (ಬಾಯಿಗೆ ಹಾಕಿ ನೋಡಿ ಅಂತಿಲ್ಲ, ಗಾಳಿ ಬಂದಾಗ ತಾನೇ ಗೊತ್ತಾಗತ್ತೆ) ಅದು ರೋಡ್ ಮಣ್ಣು.

ರಾಯಚೂರು ಕಡೆಯವರು ಇನ್ನೊಂದು ನೋಡ್ಬೇಕು. ಅಲ್ಲಿ ರೈಸ್ ಮಿಲ್ ತುಂಬಾ, ಮಿಲ್ಲುಗಳು ಹೊಟ್ಟು ಉರಿಸ್ತವೆ, ಆ ಹೊಟ್ಟಿನ ಬೂದಿ ಕಪ್ಪಗೆ ಚೂರುಚೂರಾಗಿ ಹಗುರಕ್ಕೆ ಬಂದು ಬೀಳತ್ತೆ. ಚೂರು ಕಣ್ಣಿಗೆ ಕಾಣೋಷ್ಟು ದೊಡ್ಡದಿದ್ದು ಮುಟ್ಟಿದ ಕೂಡ್ಲೇ ಪುಡಿ ಆದ್ರೆ ಅದು ಥರ್ಮಲ್ ಪ್ಲಾಂಟಿಂದಲ್ಲ, ಮಿಲ್ಲಿನದು. ಎಲ್ಲ ಪಾಪಾನೂ ಒಂದೇ ತಲೆ ಮೇಲೆ ಹಾಕಿದ್ರೆ ನಿಮ್ಮ ದೂರಿಗೇ ಬೆಲೆ ಕಮ್ಮಿ ಆಗತ್ತೆ.

ಒಂದು ಎಚ್ಚರಿಕೆ, ತಟ್ಟೆ ಮೇಲೆ ಬೀಳೋದು ದಪ್ಪ ಧೂಳು. ಪಿಎಂ 2.5 ಅನ್ನೋ ಸಣ್ಣ ಕಣ ನಮ್ಮ ಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕದು, ಅದು ಅಷ್ಟು ಸುಲಭವಾಗಿ ಕೆಳಗೆ ಬೀಳಲ್ಲ, ಗಾಳಿಯಲ್ಲೇ ತೇಲ್ತಾ ಇರತ್ತೆ. ಹಾಗಾಗಿ ತಟ್ಟೆ ಕ್ಲೀನಾಗಿದೆ ಅಂದ್ರೆ ಗಾಳಿ ಕ್ಲೀನ್ ಅಂತ ಅಲ್ಲ. ಧೂಳು ಎಲ್ಲಿಂದ ಬಂತು ಅಂತ ಹಿಡಿಯೋಕೆ ತಟ್ಟೆ, ಗಾಳಿ ಎಷ್ಟು ಕೆಟ್ಟಿದೆ ಅಂತ ತಿಳಿಯೋಕೆ ಬೇರೆ ದಾರಿ, ಮುಂದೆ ಬರತ್ತೆ.

ಹೆಜ್ಜೆ 2: ಗಾಳಿ ದಿಕ್ಕು, ಹೊತ್ತು ಬರ್ಕೊಳ್ಳಿ

ಯಾವ್ದಾದ್ರೂ ವೆದರ್ ಆಪ್‌ನಲ್ಲಿ ಗಾಳಿ ದಿಕ್ಕು ಸಿಗತ್ತೆ. ಅದರಲ್ಲಿ "ಪಶ್ಚಿಮ" ಅಂತಿದ್ರೆ ಪಶ್ಚಿಮದಿಂದ ಬೀಸ್ತಿದೆ ಅಂತ ಅರ್ಥ, ಪಶ್ಚಿಮಕ್ಕೆ ಅಂತಲ್ಲ, ಇಲ್ಲಿ ತುಂಬಾ ಜನ ಉಲ್ಟಾ ಮಾಡ್ಕೊಳ್ತಾರೆ. ಮುಂಗಾರಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಜೋರಾಗಿ ಬೀಸತ್ತೆ, ಆಗ ಪ್ಲಾಂಟಿಗೆ ಪೂರ್ವ, ಈಶಾನ್ಯದಲ್ಲಿರೋ ಹಳ್ಳಿಗಳಿಗೆ ಜಾಸ್ತಿ ಹೊಡೆತ. ಚಳಿಗಾಲದಲ್ಲಿ ಲೆಕ್ಕ ಹೆಚ್ಚುಕಮ್ಮಿ ಉಲ್ಟಾ.

ಬೂದಿ ಹೊಂಡದ ಕತೆ ಬೇರೆ. ಬೂದಿನ ನೀರಲ್ಲಿ ಕಲಸಿ ಪೈಪಲ್ಲಿ ಹೊಂಡಕ್ಕೆ ಬಿಡ್ತಾರೆ, ನೀರು ನಿಂತಿರೋ ತನಕ ಏನೂ ಏಳಲ್ಲ. ಫೆಬ್ರವರಿಯಿಂದ ಮೇ ತನಕ ಮೇಲ್ಪದರ ಒಣಗಿ ಬಿರುಕು ಬಿಡತ್ತೆ, ಮಧ್ಯಾಹ್ನದ ಗಾಳಿಗೆ ಎದ್ದು ದೂರದಿಂದ ನೋಡಿದ್ರೆ ಮಂಜು ಬಂದಂಗೆ ಕಾಣತ್ತೆ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿಂದ ಬರ್ಬೇಕು ಮಂಜು? ಒಣಗಿದ ಭಾಗಕ್ಕೆ ನೀರು ಹೊಡೀಬೇಕು ಇಲ್ಲ ಮಣ್ಣು ಮುಚ್ಚಬೇಕು, ಅದು ಹೊಂಡ ನೋಡ್ಕೊಳ್ಳೋರ ಕೆಲಸ. ಮಾಡ್ತಿಲ್ಲ ಅನ್ನೋಕೆ ಆ ಹೊತ್ತಿನ ಒಂದು ವಿಡಿಯೋ ಸಾಕು.

ಚಿಮಣಿದು ಇನ್ನೂ ಬೇರೆ. ದೊಡ್ಡ ಯೂನಿಟ್‌ಗಳಿಗೆ 220 ಮೀಟರ್, 500 ಮೆಗಾವ್ಯಾಟ್ ಮತ್ತು ಮೇಲಿನದಕ್ಕೆ 275 ಮೀಟರ್ ಎತ್ತರ ಅಂತ ನಿಯಮ ಇದೆ, ಅಷ್ಟೆತ್ತರದಿಂದ ಬಿಟ್ಟ ಹೊಗೆ ಪಕ್ಕದ ಊರನ್ನ ದಾಟಿ ನಾಲ್ಕಾರು ಕಿಲೋಮೀಟರ್ ಆಚೆ ಇಳಿಯೋದೇ ಹೆಚ್ಚು. ಪ್ಲಾಂಟ್ ಕಾಂಪೌಂಡಿಗೆ ಅಂಟಿಕೊಂಡಿರೋ ಊರಿಗೆ ಕಲ್ಲಿದ್ದಲ ಪುಡಿ ಕಾಟ, ಪ್ಲಾಂಟೇ ಕಾಣದ ಊರಿಗೆ ಚಿಮಣಿ ಕಾಟ, ಅವರಿಗೆ ಗೊತ್ತೂ ಆಗಲ್ಲ. ಚಳಿಗಾಲದಲ್ಲಿ ರಾತ್ರಿ ನೆಲ ತಣ್ಣಗಾಗಿ ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂಗೆ ಕೂತ್ಕೊಳ್ಳತ್ತೆ, ಬೆಳಿಗ್ಗೆ ಬಿಸಿಲು ಏರ್ತಾ ಎಂಟು-ಹತ್ತು ಗಂಟೆ ಹೊತ್ತಿಗೆ ಗಾಳಿ ಕಲಕಿ ಮೇಲಿದ್ದ ಹೊಗೆ ಒಮ್ಮೆಲೆ ಕೆಳಗೆ ಇಳಿಯೋದುಂಟು. ಮಕ್ಕಳು ಸ್ಕೂಲಿಗೆ ನಡ್ಕೊಂಡು ಹೋಗೋ ಹೊತ್ತು ಅದು.

ಫೋಟೋ ತೆಗೆಯೋವಾಗ ಒಂದು ಗಮನಿಸಿ, ಅಗಲವಾಗಿ ಡಮರು ಆಕಾರದಲ್ಲಿರೋ ಗೋಪುರದಿಂದ ಬೆಳ್ಳಗೆ ಬರೋದು ಹೊಗೆ ಅಲ್ಲ, ಅದು ಕೂಲಿಂಗ್ ಟವರ್, ಬರೀ ನೀರಾವಿ. ವಾಟ್ಸಾಪಲ್ಲಿ "ನೋಡಿ ವಿಷ ಕಾರ್ತಿದೆ" ಅಂತ ಓಡಾಡೋ ಫೋಟೋಗಳಲ್ಲಿ ಎಷ್ಟೋ ಇದರದ್ದೇ. ತೆಳ್ಳಗೆ ಉದ್ದಕ್ಕಿರೋದು ಚಿಮಣಿ, ಅದನ್ನ ನೋಡಿ. ನಿಂತಿದ್ದ ಯೂನಿಟ್‌ನ ಮತ್ತೆ ಉರಿ ಹಚ್ಚಿ ಶುರು ಮಾಡೋವಾಗ ಎಣ್ಣೆ ಉರಿಸ್ತಾರೆ, ಆಗ ಇಎಸ್‌ಪಿ ಪೂರ್ತಿ ಚಾರ್ಜ್ ಮಾಡಿರಲ್ಲ, ಕೆಲವು ಗಂಟೆ ಕಪ್ಪು ಹೊಗೆ ಬರತ್ತೆ. ಆದ್ರೆ ದಿನಗಟ್ಟಲೆ ಬೂದು ಹೊಗೆ ದಟ್ಟವಾಗಿ ಬರ್ತಾನೇ ಇದ್ರೆ ಇಎಸ್‌ಪಿಯಲ್ಲಿ ಏನೋ ಕೆಟ್ಟಿದೆ ಅಂತ ಅನುಮಾನ ಪಡಬಹುದು.

ಹೆಜ್ಜೆ 3: ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ) ನೋಡಿ, ಆದ್ರೆ ಕಣ್ಣುಮುಚ್ಚಿ ನಂಬಬೇಡಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆಪ್ ಫ್ರೀಯಾಗಿ ಸಿಗತ್ತೆ. 50ರ ತನಕ ಚೆನ್ನಾಗಿದೆ, 100ರ ತನಕ ಪರವಾಗಿಲ್ಲ, 101-200 ಮಧ್ಯಮ, 200 ದಾಟಿದ್ರೆ ಕೆಟ್ಟದು, 300 ದಾಟಿದ್ರೆ ತೀರಾ ಕೆಟ್ಟದು, 400 ಮೇಲೆ ಕೇಳಲೇಬೇಡಿ. ತೊಂದರೆ ಏನಂದ್ರೆ ಆ ಮೆಷಿನ್ ಇರೋದು ಸಾಮಾನ್ಯವಾಗಿ ಸಿಟಿ ಒಳಗೆ. ರಾಯಚೂರಿಂದ ಶಕ್ತಿನಗರ ಸುಮಾರು 20 ಕಿಮೀ, ಸಿಟಿಯ ಅಂಕಿ ನೋಡಿ ಅಲ್ಲಿನ ಗಾಳಿ ಹೇಳೋಕಾಗಲ್ಲ. ಜೊತೆಗೆ ಎಕ್ಯೂಐನ ಕಣಗಳ ಲೆಕ್ಕ 24 ಗಂಟೆ ಸರಾಸರಿ ಮೇಲೆ ನಿಂತಿದೆ, ಬೆಳಿಗ್ಗೆ ಎರಡು ಗಂಟೆ ಉಸಿರು ಕಟ್ಟಿದ್ರೂ ದಿನದ ಸರಾಸರಿಯಲ್ಲಿ ಅದು ಮುಚ್ಚಿಹೋಗತ್ತೆ.

ನಮ್ಮ ದೇಶದ 2009ರ ಮಾನದಂಡದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ದಿನದ ಸರಾಸರಿ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ದಿನಕ್ಕೆ 15, ವರ್ಷಕ್ಕೆ 5. ಅಂದ್ರೆ ಇಲ್ಲಿ "ಮಿತಿಯೊಳಗಿದೆ" ಅಂತ ಬರೆದು ಕೊಟ್ರೆ ಕಾನೂನು ಪ್ರಕಾರ ಸರಿ, ಆರೋಗ್ಯದ ಪ್ರಕಾರ ಸರಿ ಅಂತಲ್ಲ. ಊರಲ್ಲಿ ನಾಲ್ಕು ಮನೆಯವರು ಸೇರಿ ಒಂದು ಚಿಕ್ಕ ಪಿಎಂ 2.5 ಮೀಟರ್ ತಗೊಂಡ್ರೆ ಒಳ್ಳೇದು, ಅದರ ಅಂಕಿ ಕೋರ್ಟಲ್ಲಿ ನಿಲ್ಲಲ್ಲ, ಆದ್ರೆ ಯಾವ ಹೊತ್ತಲ್ಲಿ ಏರತ್ತೆ ಯಾವಾಗ ಇಳಿಯತ್ತೆ ಅನ್ನೋದು ಸಿಗತ್ತೆ.

ಕಣ್ಣಿಗೂ ಕಾಣದೆ ತಟ್ಟೆಗೂ ಬೀಳದೆ ಇರೋ ಇನ್ನೊಂದು ಬಾಬತ್ತಿದೆ. ಕಲ್ಲಿದ್ದಲಲ್ಲಿರೋ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗತ್ತೆ, ಅದು ಗಾಳಿಯಲ್ಲಿ ಹೋಗ್ತಾ ಹೋಗ್ತಾ ಸಲ್ಫೇಟ್ ಕಣ ಆಗಿ ನೂರಾರು ಕಿಲೋಮೀಟರ್ ತನಕ ಪಿಎಂ 2.5 ಲೆಕ್ಕಕ್ಕೆ ಸೇರ್ಕೊಳ್ಳತ್ತೆ. ಇದಕ್ಕೆ ಇಎಸ್‌ಪಿ ಏನೂ ಮಾಡಲ್ಲ, ಹೊಗೆಯಿಂದ ಗಂಧಕ ತೆಗೆಯೋಕೆ ಎಫ್‌ಜಿಡಿ ಅಂತ ಬೇರೆ ಘಟಕ ಬೇಕು. 2015ರ ಡಿಸೆಂಬರಲ್ಲಿ ಮಾನದಂಡ ತಂದ್ರು, ಗಡುವು ಮುಂದಕ್ಕೆ ಹಾಕ್ತಾ ಹಾಕ್ತಾ ಬಂದು 2025ರ ಜುಲೈನಲ್ಲಿ ದೇಶದ ಬಹುಪಾಲು ಯೂನಿಟ್‌ಗಳಿಗೆ ವಿನಾಯ್ತಿನೇ ಕೊಟ್ಟುಬಿಟ್ರು.

ಹೆಜ್ಜೆ 4: ಮನೆ ಒಳಗೆ

ಪೊರಕೆ ಹಿಡಿದು ಒಣ ಕಸ ಗುಡಿಸೋದು ಮೊದಲು ನಿಲ್ಲಿಸಿ. ಹಾರುಬೂದಿ ಪೊರಕೆಗೆ ಸಿಗಲ್ಲ, ಎದ್ದು ಗಾಳಿ ಸೇರತ್ತೆ, ಗುಡಿಸೋರ ಮೂಗಿಗೇ ಮೊದಲು. ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಗಳಕ್ಕೆ ನೀರು ಚಿಮುಕಿಸಿ ಆಮೇಲೆ ಗುಡಿಸಿ. ಪ್ಲಾಂಟ್ ಕಡೆ ಮುಖ ಮಾಡಿರೋ ಕಿಟಕಿಗಳನ್ನ ನಿಮ್ಮ ತಟ್ಟೆ ಲೆಕ್ಕದಲ್ಲಿ ಧೂಳು ಜಾಸ್ತಿ ಅಂತ ಕಂಡ ಹೊತ್ತಲ್ಲಿ ಮುಚ್ಚಿ, ಉಳಿದ ಹೊತ್ತು ತೆಗೀರಿ, ಇಡೀ ದಿನ ಮುಚ್ಚಿಟ್ರೆ ಸೆಖೆಗೆ ಮನುಷ್ಯರು ಇರೋಕಾಗಲ್ಲ.

ನೀರಿನ ಟ್ಯಾಂಕ್ ಮುಚ್ಚಳ ಬಿಗಿಯಾಗಿರ್ಲಿ. ಮಳೆ ನೀರು ಹಿಡಿಯೋರು ಮೊದಲ ಮಳೆ ನೀರನ್ನ ಪೂರ್ತಿ ಹೊರಗೆ ಬಿಡಿ, ಬೂದಿಯಲ್ಲಿ ಸಿಲಿಕಾ ಜೊತೆ ಆರ್ಸೆನಿಕ್, ಪಾದರಸದಂಥವು ಸಣ್ಣ ಪ್ರಮಾಣದಲ್ಲಿ ಇರತ್ತೆ. ಮಾಳಿಗೆ ಮೇಲೆ ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಹಾಕೋರು ಮೇಲೆ ತೆಳ್ಳನೆ ಬಟ್ಟೆ ಹೊದಿಸಿ, ಒಣ ಮೆಣಸಿನಕಾಯಿ ತೊಟ್ಟಿನ ಹತ್ರ ಇರೋ ಮಡಿಕೆಗಳಲ್ಲಿ ಕೂತ ಬೂದಿ ಎಷ್ಟು ಜಾಡಿಸಿದ್ರೂ ಹೋಗಲ್ಲ, ಸೀದಾ ಖಾರದ ಪುಡಿಗೇ ಹೋಗತ್ತೆ. ಸೊಪ್ಪು ಎರಡು ಮೂರು ನೀರಲ್ಲಿ ತೊಳೀರಿ.

ಇನ್ನೊಂದು ಮಾತು, ಕೆಲವರಿಗೆ ಇಷ್ಟ ಆಗಲ್ಲ. ಮನೇಲಿ ಸೌದೆ ಒಲೆ ಇದ್ರೆ ಅಡುಗೆ ಹೊತ್ತಲ್ಲಿ ಅಡುಗೆಮನೆ ಒಳಗಿನ ಪಿಎಂ 2.5 ಹೊರಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರತ್ತೆ. ಪ್ಲಾಂಟ್ ಮೇಲೆ ಸಿಟ್ಟು ಇರ್ಲಿ, ಅದು ನ್ಯಾಯ, ಆದ್ರೆ ಒಲೆ ಹೊಗೆ ಹೊರಗೆ ಹೋಗೋಕೆ ದಾರಿ ಮಾಡೋದು ಇವತ್ತೇ ನಮ್ಮ ಕೈಲಿ ಇದೆ. ಏರ್ ಪ್ಯೂರಿಫೈಯರ್ ತಗೊಳ್ಳೋ ಶಕ್ತಿ ಇದ್ರೆ ಹೆಪಾ ಫಿಲ್ಟರ್ ಇರೋದು, ಮಲಗೋ ರೂಮಿಗೆ ಒಂದು, ಬಾಗ್ಲು ಮುಚ್ಚಿದ್ರೆ ಮಾತ್ರ ಕೆಲಸ ಮಾಡತ್ತೆ.

ಹೆಜ್ಜೆ 5: ಮಾಸ್ಕು, ಮೈ

ಟವೆಲ್ಲು, ಕರ್ಚೀಫು, ಬಟ್ಟೆ ಮಾಸ್ಕು ಇವೆಲ್ಲ ದಪ್ಪ ಧೂಳಿಗೆ ಸ್ವಲ್ಪ, ಸಣ್ಣ ಕಣಕ್ಕೆ ಹೆಚ್ಚು ಉಪಯೋಗ ಇಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ತಗೊಳ್ಳಿ, ಐಎಸ್ 9473 ಅಂತ ಬಿಐಎಸ್ ಗುರುತು ಇದೆಯಾ ನೋಡಿ. ಮೂಗಿನ ಮೇಲಿನ ತಗಡು ಒತ್ತಿ, ಜೋರಾಗಿ ಉಸಿರು ಬಿಟ್ಟಾಗ ಕನ್ನಡಕ ಮಂಜಾದ್ರೆ ಮೇಲಿಂದ ಲೀಕ್ ಆಗ್ತಿದೆ ಅಂತ. ಗಡ್ಡ ಇದ್ರೆ ಸರಿಯಾಗಿ ಕೂರಲ್ಲ. ಚಿಕ್ಕ ಮಕ್ಕಳ ಮುಖಕ್ಕೆ ದೊಡ್ಡವರ ಮಾಸ್ಕ್ ಕೂರೋದೇ ಇಲ್ಲ, ಅವರಿಗೆ ಧೂಳಿನ ಹೊತ್ತಲ್ಲಿ ಹೊರಗೆ ಆಟ ತಪ್ಪಿಸೋದೇ ದಾರಿ. ಕೋಲ್ ಹ್ಯಾಂಡ್ಲಿಂಗ್‌ನಲ್ಲಿ, ಬೂದಿ ತುಂಬೋ ಜಾಗದಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯೋರು ಮಾಸ್ಕನ್ನ ಕಂಟ್ರಾಕ್ಟರ್ ಹತ್ರ ಕೇಳಿ ತಗೊಳ್ಳಿ, ಕೆಲಸದ ಬಟ್ಟೆ ಮನೆ ಬಟ್ಟೆ ಜೊತೆ ಸೇರಿಸ್ಬೇಡಿ.

ಕೆಮ್ಮು ಮೂರು ವಾರ ದಾಟಿದ್ರೆ, ಮೆಟ್ಟಿಲು ಹತ್ತೋವಾಗ ಮೊದಲಿಗಿಂತ ಜಾಸ್ತಿ ಏದುಸಿರು ಬಂದ್ರೆ, ರಾತ್ರಿ ಎದೇಲಿ ಸುಯ್ಯ್ ಅಂತ ಸೀಟಿ ಬಂದ್ರೆ ಡಾಕ್ಟರ್ ಹತ್ರ ಹೋಗಿ ಸ್ಪೈರೋಮೆಟ್ರಿ (ಕೊಳವೆಗೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯೋ ಪರೀಕ್ಷೆ) ಮಾಡಿಸ್ಬೇಕಾ ಅಂತ ಕೇಳಿ. ಎಕ್ಸ್‌ರೇ ನಾರ್ಮಲ್ ಬಂದ್ರೂ ಸ್ಪೈರೋಮೆಟ್ರಿಲಿ ತೊಂದ್ರೆ ಕಾಣಬಹುದು. ಮನೆ ಎಲ್ಲಿದೆ, ಎಷ್ಟು ವರ್ಷದಿಂದ ಇದ್ದೀರಿ, ಕೆಲಸ ಏನು, ಇದನ್ನ ಚೀಟಿ ಮೇಲೆ ಬರೆಸಿ, ಮುಂದೆ ಬೇಕಾಗತ್ತೆ. ಆಸ್ತಮಾ ಇರೋರು ಇನ್‌ಹೇಲರ್ ಅಂದ್ರೆ ಚಟ ಆಗತ್ತೆ ಅಂತ ಬಿಡ್ಬೇಡಿ, ಅದು ಸುಳ್ಳು.

ಹೆಜ್ಜೆ 6: ದೂರು ಬರೆಯೋ ರೀತಿ

ಈಗ ತಟ್ಟೆ, ಗಾಳಿ ದಿಕ್ಕು, ಫೋಟೋ ಎಲ್ಲ ಕೆಲಸಕ್ಕೆ ಬರತ್ತೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆಯ ಪರಿಸರ ಅಧಿಕಾರಿಗೆ ಬರೀರಿ, ಅದರ ಒಂದೊಂದು ಪ್ರತಿ ಡಿಸಿ ಆಫೀಸಿಗೆ, ಗ್ರಾಮ ಪಂಚಾಯ್ತಿಗೆ ಕೊಡಿ. ಒಕ್ಕಣೆ ಹೆಚ್ಚುಕಮ್ಮಿ ಹೀಗಿರ್ಲಿ:

"ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಮಧ್ಯಾಹ್ನ 2ರಿಂದ 5ರ ನಡುವೆ ಬೂದಿ ಹೊಂಡದ ದಕ್ಷಿಣ ದಂಡೆಯಿಂದ ಒಣ ಬೂದಿ ಎದ್ದು ನಮ್ಮ ಊರಿನ ಮೇಲೆ ಬಂದಿರುತ್ತದೆ. ಆ ವೇಳೆ ಗಾಳಿ ದಕ್ಷಿಣದಿಂದ ಬೀಸುತ್ತಿತ್ತು. ಫೋಟೋ, ವಿಡಿಯೋ ಲಗತ್ತಿಸಿದೆ. ದಯವಿಟ್ಟು ಸ್ಥಳ ಪರಿಶೀಲನೆ ಮಾಡಿ, ಹೊಂಡದ ಮೇಲೆ ನೀರು ಸಿಂಪಡಣೆ ನಡೆಯುತ್ತಿದೆಯೇ ಎಂಬುದರ ವರದಿಯ ಪ್ರತಿಯನ್ನು ನಮಗೆ ಕೊಡಬೇಕು."

ಇಷ್ಟೇ. "ವಿಷಗಾಳಿ", "ಸಾವಿನ ಕೂಪ" ಅಂತೆಲ್ಲ ಬರೆದ್ರೆ ಪೇಪರಿಗೆ ಚೆನ್ನಾಗಿರತ್ತೆ, ಫೈಲಿಗೆ ಬೇಡ. ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ಬರಬೇಡಿ, ಆಗಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ. 1902 ಜನಸ್ಪಂದನ ಸಹಾಯವಾಣಿಗೂ ದಾಖಲು ಮಾಡಿ ನಂಬರ್ ಇಟ್ಕೊಳ್ಳಿ. ಕಲ್ಲಿದ್ದಲ ಪುಡಿ ಆದ್ರೆ ಯಾರ್ಡ್‌ನಲ್ಲಿ ನೀರು ಸಿಂಪಡಣೆ, ಕನ್ವೇಯರ್ ಮುಚ್ಚಿಗೆ ಬಗ್ಗೆ ಕೇಳಿ. ಟಿಪ್ಪರ್ ಬೂದಿ ಆದ್ರೆ ಗಾಡಿ ನಂಬರ್, ಟಾರ್ಪಾಲಿನ್ ಇಲ್ಲದ ಫೋಟೋ. ಮುಚ್ಚಿದ ಬಲ್ಕರ್‌ಗಳಿಂದ (ಟ್ಯಾಂಕರ್ ತರದ ಲಾರಿ) ಅಷ್ಟು ಚೆಲ್ಲಲ್ಲ, ಹೊಂಡದ ಬೂದಿ ಸಾಗಿಸೋ ಟಿಪ್ಪರ್‌ಗಳದೇ ದೊಡ್ಡ ತಲೆನೋವು.

ಉತ್ತರ ಬರದಿದ್ರೆ ಆರ್‌ಟಿಐ, ಹತ್ತು ರೂಪಾಯಿ ಶುಲ್ಕ, 30 ದಿನ. ಕೇಳಬೇಕಾದ್ದು: ಆ ದಿನಾಂಕಗಳ ಚಿಮಣಿಯ ಆನ್‌ಲೈನ್ ಮಾಪನದ ಅಂಕಿ, ಮಂಡಳಿ ಕೊಟ್ಟಿರೋ ಸಮ್ಮತಿ ಪತ್ರದ ಷರತ್ತುಗಳು, ಆ ವರ್ಷ ಎಷ್ಟು ಬೂದಿ ಹುಟ್ಟಿತು ಎಷ್ಟು ಸಾಗಿಸಿದ್ರು. ಚಿಮಣಿ ಮಿತಿ ಯೂನಿಟ್ ವಯಸ್ಸಿನ ಮೇಲೆ ಇದೆ, 2003ರ ಅಂತ್ಯದೊಳಗೆ ಶುರುವಾದ ಯೂನಿಟ್‌ಗೆ ಒಂದು ಘನ ಮೀಟರ್ ಹೊಗೆಯಲ್ಲಿ ಕಣಗಳು 100 ಮಿಲಿಗ್ರಾಂ, 2004ರಿಂದ 2016ರವರೆಗಿನದಕ್ಕೆ 50, ಆಮೇಲಿನದಕ್ಕೆ 30, ಇದು ಗೊತ್ತಿದ್ರೆ ಅಂಕಿ ಬಂದಾಗ ನೀವೇ ಹೋಲಿಸಿ ನೋಡಬಹುದು. ಪರಿಸರ ಅನುಮತಿ ಪಡೆದ ಪ್ಲಾಂಟ್ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲನೆ ವರದಿ ಕೊಡಬೇಕು, ಅದು ಸಾರ್ವಜನಿಕ ದಾಖಲೆ, ಅದನ್ನೂ ಕೇಳಿ. 2021ರ ಡಿಸೆಂಬರ್ 31ರ ಬೂದಿ ಅಧಿಸೂಚನೆ ಪ್ರಕಾರ ಹುಟ್ಟಿದ ಬೂದಿಯನ್ನೆಲ್ಲ ಇಟ್ಟಿಗೆ, ಸಿಮೆಂಟು, ರಸ್ತೆ ಅಂತ ಬಳಕೆಗೆ ಕೊಡಬೇಕು, ಗಡುವಿನೊಳಗೆ ಮುಗಿಸದೆ ಉಳಿಸಿದ ಬೂದಿಗೆ ಟನ್‌ಗೆ 1,000 ರೂಪಾಯಿ ಪರಿಸರ ಪರಿಹಾರ.

ಎಲ್ಲ ಆದ್ಮೇಲೂ ಏನೂ ಆಗದಿದ್ರೆ ಹಸಿರು ನ್ಯಾಯಮಂಡಳಿ ಇದೆ, ನಮಗೆ ಚೆನ್ನೈನ ದಕ್ಷಿಣ ಪೀಠ. ಉಡುಪಿ ಪ್ಲಾಂಟ್ ವಿಷಯದಲ್ಲಿ ನಂದಿಕೂರು ಜನಜಾಗೃತಿ ಸಮಿತಿ ವರ್ಷಗಟ್ಟಲೆ ಹಿಡಿದು ಕೂತು ನಡೆಸಿದ ಕೇಸಲ್ಲಿ 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರಕ್ಕೆ ಆದೇಶ ಆಯ್ತು. ತಡ ಮಾಡಬೇಡಿ, ಸಾಮಾನ್ಯ ಅರ್ಜಿಗೆ ವಿವಾದ ಹುಟ್ಟಿದ ಆರು ತಿಂಗಳ ಗಡುವು, ಪರಿಹಾರ ಕೇಳೋ ಅರ್ಜಿಗೆ ಐದು ವರ್ಷ. ಅಲ್ಲಿ ಮೊದಲು ಕೇಳೋದು ಮಂಡಳಿಗೆ ಯಾವಾಗ ದೂರು ಕೊಟ್ರಿ, ಏನು ಉತ್ತರ ಬಂತು ಅಂತ, ಆಗ ಆ ಸೀಲ್ ಹಾಕಿದ ಪ್ರತಿ, ಪೋಸ್ಟ್ ರಸೀದಿ, ಆರ್‌ಟಿಐ ಉತ್ತರ ಮೂರೂ ಒಂದೇ ಫೈಲಲ್ಲಿ ಇರ್ಲಿ, ಒಂದು ಝೆರಾಕ್ಸ್ ಸೆಟ್ ಇನ್ನೊಬ್ಬರ ಮನೇಲಿ ಇಡಿ.